ಸಂಬಳ ಏರಿಸುವ ಮೊದಲು ಕೇಳಬೇಕಾದ ಎರಡು ಪ್ರಶ್ನೆ: ಸೂಪರ್‌ವೈಸರ್‌ನಿಂದ ಜಿಎಂವರೆಗೆ

"ಕೆಲಸಗಾರರು ಹೆಂಗೋ ಸಿಗ್ತಾರೆ ಸರ್, ಕೆಲಸ ತೆಗೆಸೋರು ನಿಲ್ತಿಲ್ಲ." ದಾವಣಗೆರೆಯಲ್ಲಿ ಸಣ್ಣ, ಮಧ್ಯಮ ಉದ್ಯಮ ನಡೆಸುವವರ ಬಾಯಲ್ಲಿ ನಾನು ಜಾಸ್ತಿ ಕೇಳುವ ಮಾತು ಇದು. ಗಾರ್ಮೆಂಟ್ಸ್‌ನ ಲೈನ್ ಸೂಪರ್‌ವೈಸರ್, ರೈಸ್ ಮಿಲ್ಲಿನ ಶಿಫ್ಟ್ ಇನ್‌ಚಾರ್ಜ್, ಸಹಕಾರಿ ಬ್ಯಾಂಕಿನ ಶಾಖೆ ಮ್ಯಾನೇಜರ್, ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಕೆಲಸ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಹೋಗದೆ ಉಳಿದವರಲ್ಲೂ ಮೊದಲಿನ ಹುರುಪು ಇರುವುದಿಲ್ಲ.

ಮಾಲೀಕರಿಗೆ ತಟ್ಟನೆ ಹೊಳೆಯುವ ಮದ್ದು ಸಂಬಳ ಏರಿಸುವುದು. ಕೆಲವು ಕಡೆ ಅದೇ ಸರಿಯಾದ ಮದ್ದು. ಆದರೆ ಬಹಳ ಕಡೆ ಕೊರತೆ ಬೇರೆಯೇ ಜಾಗದಲ್ಲಿ ಇರುತ್ತದೆ, ಏರಿಸಿದ ದುಡ್ಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಆ ಜಾಗ ಯಾವುದು ಎಂದು ಪತ್ತೆ ಮಾಡಲು ದೊಡ್ಡ ಕನ್ಸಲ್ಟೆಂಟ್ ಬೇಕಿಲ್ಲ. ಒಂದು ಹಾಳೆ, ಎರಡು ಪ್ರಶ್ನೆ, ಸ್ವಲ್ಪ ಕಳೆಯುವ ಲೆಕ್ಕ ಸಾಕು. ಮೂವತ್ತರಿಂದ ಮುನ್ನೂರು ಜನ ಕೆಲಸ ಮಾಡುವ ಯಾವುದೇ ಸಂಸ್ಥೆಗೆ ಈ ದಾರಿ ಹೊಂದುತ್ತದೆ.

ಈ ದಾರಿ ಹೊಸದೇನಲ್ಲ. ಮನುಷ್ಯನ ಅಗತ್ಯಗಳು ಹಂತ ಹಂತವಾಗಿ ಮೇಲೇರುತ್ತವೆ ಎಂದು ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ 1943ರಲ್ಲಿ ಬರೆದ. ಹೊಟ್ಟೆಬಟ್ಟೆ, ಭದ್ರತೆ, ಒಡನಾಟ, ಮರ್ಯಾದೆ, ಕೊನೆಗೆ ತನ್ನೊಳಗಿನ ಶಕ್ತಿಯನ್ನು ಪೂರ್ತಿ ಬಳಸುವ ಹಂಬಲ. 1960ರ ದಶಕದ ಶುರುವಿನಲ್ಲಿ ಲೈಮನ್ ಪೋರ್ಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನು ಮ್ಯಾನೇಜರ್‌ಗಳ ಮೇಲೆ ಪರೀಕ್ಷಿಸಲು ಹೊರಟ. ಮ್ಯಾನೇಜರ್ ಆದವನಿಗೆ ಹೊಟ್ಟೆಬಟ್ಟೆಯ ಪ್ರಶ್ನೆ ಇರುವುದಿಲ್ಲ ಎಂದು ಅದನ್ನು ಪಟ್ಟಿಯಿಂದ ತೆಗೆದ. ಅದರ ಬದಲು ಹೊಸದೊಂದನ್ನು ಸೇರಿಸಿದ: ಸ್ವಾತಂತ್ರ್ಯ, ಅಂದರೆ ತನ್ನ ಕೆಲಸದಲ್ಲಿ ತಾನೇ ತೀರ್ಮಾನ ಮಾಡುವ ಅವಕಾಶ. ಆಮೇಲೆ ಕಂಪನಿ ಅಧ್ಯಕ್ಷರಿಂದ ಹಿಡಿದು ಕೆಳಗಿನ ಸೂಪರ್‌ವೈಸರ್‌ವರೆಗೆ ಐದು ಹಂತದ ಸುಮಾರು 1,900 ಜನರನ್ನು ಕೇಳಿದ.

ಸಿಕ್ಕ ಉತ್ತರ ನಮ್ಮೂರಿಗೂ ಬೇಕಾದದ್ದು. ಭದ್ರತೆ ಮತ್ತು ಒಡನಾಟದ ವಿಷಯದಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮರ್ಯಾದೆ, ಸ್ವಾತಂತ್ರ್ಯ, ಬೆಳವಣಿಗೆ ಈ ಮೂರರಲ್ಲಿ ಮಾತ್ರ ಹಂತ ಕೆಳಗಿಳಿದಂತೆ ಕೊರತೆ ಹೆಚ್ಚುತ್ತಾ ಹೋಗಿತ್ತು. ಪೋರ್ಟರ್ ಇಬ್ಬರು ಸಂಗಡಿಗರ ಜೊತೆ ಭಾರತವೂ ಸೇರಿ 14 ದೇಶಗಳ ಮ್ಯಾನೇಜರ್‌ಗಳನ್ನು ಕೇಳಿದ ಅಧ್ಯಯನ 1966ರಲ್ಲಿ ಬಂತು. ಅಲ್ಲಿಯೂ ಕಡಿಮೆ ಸಿಗುತ್ತಿದ್ದದ್ದು ಸ್ವಾತಂತ್ರ್ಯ ಮತ್ತು ತನ್ನ ಶಕ್ತಿ ಬಳಸುವ ಅವಕಾಶವೇ.

ಇನ್ನು ಕೆಲಸಕ್ಕೆ ಇಳಿಯೋಣ.

ಮೊದಲು ಯಾರು ಯಾವ ಹಂತ ಎಂದು ಬರೆದುಕೊಳ್ಳಿ

ವಿಸಿಟಿಂಗ್ ಕಾರ್ಡ್ ನೋಡಿ ಹಂತ ಹೇಳಬೇಡಿ. ನಮ್ಮಲ್ಲಿ ಹೆಸರಿಗೆ 'ಮ್ಯಾನೇಜರ್' ಆದವರು ಬಹಳ. ಒಬ್ಬೊಬ್ಬರ ಮುಂದೆಯೂ ಒಂದು ಪ್ರಶ್ನೆ ಬರೆಯಿರಿ: ಇವರು ಯಾರನ್ನೂ ಕೇಳದೆ ಏನೇನು ಮಾಡಬಹುದು? ಅಲ್ಲಿಗೆ ಮೂರು ಗುಂಪು ತಾನಾಗಿಯೇ ಬೀಳುತ್ತವೆ. ಕೈಯಿಂದ ಕೆಲಸ ಮಾಡುವವರನ್ನು ನೇರವಾಗಿ ನೋಡಿಕೊಳ್ಳುವವರು ಕೆಳಹಂತ. ಇಂಥ ಇನ್‌ಚಾರ್ಜ್‌ಗಳನ್ನು ನೋಡಿಕೊಳ್ಳುವವರು ಮಧ್ಯ. ದುಡ್ಡಿನ ತೀರ್ಮಾನಕ್ಕೆ ಮಾಲೀಕರ ಜೊತೆ ಕೂರುವವರು ಮೇಲ್ಹಂತ.

ಮಾಲೀಕರ ಅಳಿಯ, ಭಾವಮೈದುನ, ತಮ್ಮನ ಮಗ ಸೂಪರ್‌ವೈಸರ್ ಆಗಿದ್ದರೆ ಅವರನ್ನು ಈ ಲೆಕ್ಕದಿಂದ ಹೊರಗಿಡಿ. ಅವರಿಗೆ ಸಿಗುವ ಮರ್ಯಾದೆ ಹುದ್ದೆಯಿಂದ ಬಂದದ್ದಲ್ಲ. ಅವರ ಉತ್ತರ ಸೇರಿದರೆ ಸರಾಸರಿ ಸುಳ್ಳು ಹೇಳುತ್ತದೆ.

ಒಂದೇ ಪುಟದ ಹಾಳೆ

"ನಿಮಗೆ ಇಲ್ಲಿ ತೃಪ್ತಿ ಇದೆಯಾ?" ಎಂದು ಕೇಳಿದರೆ ಎಲ್ಲರೂ "ಆರಾಮ್ ಇದೀವಿ ಸರ್" ಅನ್ನುತ್ತಾರೆ. ಆ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಪೋರ್ಟರ್ ಮಾಡಿದ್ದು ಬೇರೆ. ಒಂದೊಂದು ವಿಷಯಕ್ಕೂ ಎರಡು ಪ್ರಶ್ನೆ: ಇದು ನಿಮ್ಮ ಹುದ್ದೆಯಲ್ಲಿ ಈಗ ಎಷ್ಟಿದೆ? ಎಷ್ಟಿರಬೇಕು? ಎರಡಕ್ಕೂ 1ರಿಂದ 7ರೊಳಗೆ ಅಂಕ. ಮೂರನೆಯದಾಗಿ, ಇದು ನಿಮಗೆ ಎಷ್ಟು ಮುಖ್ಯ ಎಂದೂ ಕೇಳುತ್ತಿದ್ದ. ಹೀಗೆ ಕೇಳಿದಾಗ ಮನುಷ್ಯ ದೂರು ಹೇಳಬೇಕಾಗುವುದಿಲ್ಲ, ಸುಮ್ನೆ ಎರಡು ಅಂಕಿಗೆ ಸುತ್ತು ಹಾಕುತ್ತಾನೆ. ಕೊರತೆ ನಾವು ಕಳೆದಾಗ ಹೊರಗೆ ಬರುತ್ತದೆ.

ವಾಕ್ಯಗಳನ್ನು ನಿಮ್ಮ ಜಾಗದ ಮಾತಿನಲ್ಲಿ ಬರೆಯಿರಿ. ನಾನು ಬಳಸುವ ಹಾಳೆಯಲ್ಲಿ ಇವು ಇರುತ್ತವೆ:

– ನಾಳೆಯೂ ಈ ಕೆಲಸ ಇರುತ್ತದೆ ಎಂಬ ಧೈರ್ಯ
– ಈ ಹುದ್ದೆಗೆ ತಕ್ಕ ಸಂಬಳ
– ಜೊತೆಯವರೊಂದಿಗೆ ಒಳ್ಳೆಯ ಒಡನಾಟ
– ಕೈಕೆಳಗಿನವರ ಕಷ್ಟಕ್ಕೆ ಆಗುವ ಅವಕಾಶ
– ಕಾರ್ಖಾನೆ ಒಳಗೆ ನನ್ನ ಹುದ್ದೆಗೆ ಇರುವ ಮರ್ಯಾದೆ
– ಹೊರಗೆ, ನೆಂಟರಿಷ್ಟರಲ್ಲಿ ಈ ಹುದ್ದೆಗೆ ಇರುವ ಮರ್ಯಾದೆ
– ಕೊಟ್ಟ ಜವಾಬ್ದಾರಿಗೆ ತಕ್ಕ ಅಧಿಕಾರ
– ನಾನೇ ಯೋಚಿಸಿ ತೀರ್ಮಾನ ಮಾಡುವ ಅವಕಾಶ
– ಟಾರ್ಗೆಟ್ ಇಡುವಾಗ ನನ್ನ ಮಾತು ಕೇಳುವುದು
– ಇಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿ ನನಗೂ ಮೊದಲೇ ಗೊತ್ತಾಗುವುದು
– ಹೊಸದನ್ನು ಕಲಿತು ಬೆಳೆಯುವ ಅವಕಾಶ
– ಸಂಜೆ ಮನೆಗೆ ಹೋಗುವಾಗ 'ಇವತ್ತು ಒಳ್ಳೆಯ ಕೆಲಸ ಆಯ್ತು' ಅನ್ನಿಸುವುದು

ಇದಕ್ಕಿಂತ ಉದ್ದ ಮಾಡಬೇಡಿ. ಶಿಫ್ಟ್ ಮುಗಿಸಿ ಬಂದವರು ಮೂರು ಪುಟ ಓದುವುದಿಲ್ಲ.

ಹಾಳೆ ಯಾರ ಕೈಗೆ ಹೋಗುತ್ತದೆ ಎಂಬುದೇ ಅರ್ಧ ಕೆಲಸ

ಹಾಳೆಯಲ್ಲಿ ಹೆಸರು ಬೇಡ, ಕೈಬರಹ ಬೇಡ, ವಯಸ್ಸು ಬೇಡ, ಸೇರಿದ ವರ್ಷವೂ ಬೇಡ. ಯಾವ ಹಂತ ಎಂಬುದಷ್ಟೇ ಸಾಕು. ಊರು ಚಿಕ್ಕದು. "2019ಕ್ಕೆ ಸೇರಿದ, ಹರಿಹರದಿಂದ ಬರುವ ಸೂಪರ್‌ವೈಸರ್" ಅಂದರೆ ಯಾರೆಂದು ಎಲ್ಲರಿಗೂ ಗೊತ್ತು, ಅಲ್ವಾ? ಹಾಳೆ ಸಂಗ್ರಹಿಸುವ ಕೆಲಸ ಎಚ್‌ಆರ್‌ಗೂ ಬೇಡ, ಮಾಲೀಕರ ಮಗನಿಗೂ ಬೇಡ. ನಗರದಲ್ಲಿ ಎಂಬಿಎ ಹೇಳಿಕೊಡುವ ಕಾಲೇಜುಗಳಿವೆ. ಅಲ್ಲಿನ ಉಪನ್ಯಾಸಕರೊಬ್ಬರನ್ನು ಕೇಳಿಕೊಂಡರೆ ಅವರೇ ಬಂದು ಡಬ್ಬಿಯಲ್ಲಿ ಹಾಕಿಸಿಕೊಂಡು, ಒಟ್ಟು ಲೆಕ್ಕ ಮಾತ್ರ ನಿಮಗೆ ಕೊಡಬಹುದು. ಮೂಲ ಹಾಳೆಗಳು ನಿಮ್ಮ ಕೈಗೆ ಬರುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ, ಹಾಗೆಯೇ ನಡೆದುಕೊಳ್ಳಿ.

ಒಂದು ಹಂತದಲ್ಲಿ ಐದು ಜನಕ್ಕಿಂತ ಕಡಿಮೆ ಇದ್ದರೆ ಹಾಳೆ ಕೊಡಬೇಡಿ. ಎರಡು ಜಿಎಂ (ಜನರಲ್ ಮ್ಯಾನೇಜರ್) ಇರುವ ಕಡೆ ಗುಟ್ಟು ಅನ್ನುವುದು ಇರಲಾರದು. ಅವರ ಜೊತೆ ಕೂತು ಮಾತಾಡುವುದೇ ದಾರಿ.

ಕಳೆಯಿರಿ, ಆಮೇಲೆ ಸಾಲಾಗಿ ಜೋಡಿಸಿ

'ಎಷ್ಟಿರಬೇಕು' ಅಂಕದಿಂದ 'ಎಷ್ಟಿದೆ' ಅಂಕ ಕಳೆಯಿರಿ. ಉದಾಹರಣೆಗೆ, ಸೂಪರ್‌ವೈಸರ್ ಒಬ್ಬರು ಸಂಬಳಕ್ಕೆ 4 ಮತ್ತು 6, ತೀರ್ಮಾನದ ಅವಕಾಶಕ್ಕೆ 2 ಮತ್ತು 5 ಹಾಕಿದ್ದಾರೆ ಎನ್ನಿ. ಸಂಬಳದ ಕೊರತೆ 2, ಅವಕಾಶದ ಕೊರತೆ 3. ಹಂತದ ಎಲ್ಲರದನ್ನೂ ಸೇರಿಸಿ ಸರಾಸರಿ ತೆಗೆದು, ದೊಡ್ಡ ಕೊರತೆಯಿಂದ ಚಿಕ್ಕದಕ್ಕೆ ಜೋಡಿಸಿ.

ಇಲ್ಲಿ ಒಂದು ಎಚ್ಚರ. ಎಲ್ಲ ಸಾಲಿನಲ್ಲೂ ಸ್ವಲ್ಪ ಕೊರತೆ ಬಂದೇ ಬರುತ್ತದೆ. 'ಇನ್ನೂ ಇರಬೇಕು' ಅನ್ನುವುದು ಮನುಷ್ಯನ ಗುಣ. ಆದ್ದರಿಂದ ಅಂಕಿ ನೋಡಿ ಗಾಬರಿಯಾಗಬೇಡಿ. ಯಾವ ಸಾಲು ಉಳಿದ ಸಾಲುಗಳಿಗಿಂತ ಎದ್ದು ಕಾಣುತ್ತದೆ, ಅದೇ ಸಾಲು ಮಧ್ಯ ಹಂತದಲ್ಲಿ ಹೇಗಿದೆ, ಅದಕ್ಕೆ ಅವರು ಎಷ್ಟು ಮುಖ್ಯ ಎಂದಿದ್ದಾರೆ ಎಂಬ ಮೂರನ್ನಷ್ಟೇ ನೋಡಿ. ಮುಖ್ಯವಲ್ಲದ ಕೊರತೆಯ ಹಿಂದೆ ಹೋದರೆ ದುಡ್ಡೂ ದಂಡ, ಹೊತ್ತೂ ದಂಡ.

ಕೆಳಹಂತ: ಜವಾಬ್ದಾರಿ ಇದೆ, ಅಧಿಕಾರ ಇಲ್ಲ

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿದೆ. ಹೆಚ್ಚು ಹೊತ್ತು ಇಲ್ಲೇ ಕೊಡಿ.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಮನೆ ಮನೆಗೆ ನೆಂಟರು ಬರುತ್ತಾರೆ. ಗಾರ್ಮೆಂಟ್ಸ್ ಲೈನಿನಲ್ಲಿ ಹೊಲಿಯುವ ಹೆಣ್ಣುಮಗಳು ಸೂಪರ್‌ವೈಸರ್ ಹತ್ತಿರ ಬಂದು, "ಅಣ್ಣಾ, ನಾಳೆ ಮಧ್ಯಾಹ್ನಕ್ಕೆ ಬಿಡ್ರಿ, ತವರಿನೋರು ಬರ್ತಾರೆ" ಅನ್ನುತ್ತಾಳೆ. "ತಡಿಯವ್ವ, ಮ್ಯಾನೇಜರ್ ಸಾಹೇಬ್ರನ್ನ ಕೇಳಿ ಹೇಳ್ತೀನಿ." ಮ್ಯಾನೇಜರ್ ಫೋನಿನಲ್ಲಿ ಇರುತ್ತಾರೆ. ಸಂಜೆಯಾದರೂ ಉತ್ತರ ಇಲ್ಲ. ಆಕೆ ಕಾಯುವುದಿಲ್ಲ. ಗೇಟಿನ ಹತ್ತಿರ ಮಾಲೀಕರ ಕಾರು ನಿಂತಾಗ ನೇರವಾಗಿ ಅವರನ್ನೇ ಕೇಳುತ್ತಾಳೆ. ಅವರು ದೊಡ್ಡ ಮನಸ್ಸಿನಿಂದ "ಹೋಗಿ ಬಾರಮ್ಮ" ಅಂದುಬಿಡುತ್ತಾರೆ.

ಮಾಲೀಕರು ಮಾಡಿದ್ದು ಒಳ್ಳೆಯದೇ. ಆದರೆ ಮರುದಿನದಿಂದ ಆ ಲೈನಿನ ಯಾರೂ ಸೂಪರ್‌ವೈಸರ್‌ನನ್ನು ಕೇಳುವುದಿಲ್ಲ. ರಜೆಗೆ, ಮುಂಗಡಕ್ಕೆ, ಮೆಷಿನ್ ಬದಲಿಸಿಕೊಡಲು ಎಲ್ಲರೂ ಗೇಟಿಗೆ ಹೋಗುತ್ತಾರೆ. ಲೈನಿನಿಂದ ಪೀಸ್ ಕಮ್ಮಿ ಬಂದಾಗ ಮಾತ್ರ ಬೈಸಿಕೊಳ್ಳುವವನು ಸೂಪರ್‌ವೈಸರ್. ಅವನ ಹಾಳೆಯಲ್ಲಿ ಅಧಿಕಾರದ ಸಾಲಿನಲ್ಲಿ 1 ಅಥವಾ 2 ಬಿದ್ದರೆ ಆಶ್ಚರ್ಯ ಏನಿದೆ? ಅವನಿಗೆ ಎರಡು ಸಾವಿರ ಏರಿಸಿದರೂ ಈ ಗಾಯ ಹಾಗೇ ಇರುತ್ತದೆ.

ಆದ್ದರಿಂದ ಮಾಲೀಕರು ಮೊದಲು ಮಾಡಬೇಕಾದ್ದು ಇದು. ಕೆಲಸಗಾರರು ನೇರವಾಗಿ ನಿಮ್ಮ ಹತ್ತಿರ ಬಂದಾಗ ಕೇಳಿಸಿಕೊಳ್ಳಿ, ಆದರೆ ಉತ್ತರ ಸೂಪರ್‌ವೈಸರ್ ಬಾಯಿಂದಲೇ ಹೋಗಲಿ. "ನಿಮ್ಮ ಸೂಪರ್‌ವೈಸರ್‌ಗೆ ಹೇಳ್ತೀನಮ್ಮ, ಅವರೇ ನೋಡ್ತಾರೆ" ಎಂಬ ಒಂದು ಮಾತು ಸಾಕು. ಅವನಿಂದ ಅನ್ಯಾಯವಾಗಿದೆ ಎಂಬ ದೂರು ಮಾತ್ರ ಬೇರೆ. ಅದಕ್ಕೆ ನಿಮ್ಮ ಬಾಗಿಲು ಯಾವಾಗಲೂ ತೆರೆದಿರಬೇಕು. ಹೆಣ್ಣುಮಕ್ಕಳು ಹೆಚ್ಚಿರುವ ಕಡೆ ಇದನ್ನು ಮರೆಯಲೇಬಾರದು.

ಆಮೇಲೆ ಸಣ್ಣ ಅಧಿಕಾರಗಳನ್ನು ಬರೆದು ಕೊಡಿ. ಬಾಯಿಮಾತು ಬೇಡ, ನೋಟಿಸ್ ಬೋರ್ಡಿಗೆ ಹಾಕಿ. ದಿನಕ್ಕೆ ಇಷ್ಟು ಜನಕ್ಕೆ ಅರ್ಧ ದಿನದ ರಜೆ ಕೊಡುವುದು. ತನ್ನ ಲೈನಿನೊಳಗೆ ಟೈಲರ್‌ಗಳನ್ನು ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಕೂರಿಸುವುದು. ಕಟಿಂಗ್ ವಿಭಾಗದಿಂದ ಬಂದ ತಪ್ಪು ಬಂಡಲ್ ಹಿಂದಕ್ಕೆ ಕಳಿಸುವುದು. ಸೂಜಿ, ಬೆಲ್ಟ್‌ನಂಥ ಖರ್ಚಿಗೆ ಒಂದು ಮಿತಿಯವರೆಗೆ ತಾನೇ ಚೀಟಿ ಬರೆಯುವುದು. ರೈಸ್ ಮಿಲ್ ಆದರೆ, ತೇವ ಜಾಸ್ತಿ ಇರುವ ಭತ್ತದ ಲೋಡನ್ನು ಇಳಿಸದೆ ನಿಲ್ಲಿಸುವುದು. ಅವನು ನಿಲ್ಲಿಸಿದ ಲೋಡನ್ನು ನೀವು ಫೋನ್ ಮಾಡಿ ಇಳಿಸಿದರೆ ಆ ಅಧಿಕಾರ ಅಲ್ಲಿಗೇ ಮುಗಿಯಿತು. ತೀರ್ಮಾನ ನಿಮಗೆ ಹಿಡಿಸದಿದ್ದರೆ ಸಂಜೆ ಕರೆದು ಹೇಳಿ, ಆ ಹೊತ್ತಿಗೆ ತಿರುಗಿಸಬೇಡಿ.

ಕೆಲಸಗಾರರ ಮುಂದೆ ಸೂಪರ್‌ವೈಸರ್‌ನನ್ನು ಬೈಯಬಾರದು ಎಂದು ಬೇರೆ ಹೇಳಬೇಕಿಲ್ಲ. ಆದರೂ ದಿನಾ ನಡೆಯುವುದು ಅದೇ.

ಸುದ್ದಿಯ ವಿಷಯವೂ ಇದೆ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದೆ, ಹೊಸ ಆರ್ಡರ್ ಬಂದಿದೆ, ಸಂಬಳ ಎರಡು ದಿನ ತಡ ಎಂಬುದು ಕೆಲಸಗಾರರ ವಾಟ್ಸಾಪ್ ಗುಂಪಿನಿಂದ ಸೂಪರ್‌ವೈಸರ್‌ಗೆ ಗೊತ್ತಾದರೆ ಅವನ ಮುಖ ಉಳಿಯುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಇನ್‌ಚಾರ್ಜ್‌ಗಳನ್ನು ನಿಲ್ಲಿಸಿಕೊಂಡು ಮೊದಲು ಅವರಿಗೆ ಹೇಳಿ. ಖರ್ಚಿಲ್ಲದ ಕೆಲಸ ಇದು, ಮರ್ಯಾದೆಯ ಸಾಲು ಮತ್ತು ಸುದ್ದಿಯ ಸಾಲು ಎರಡನ್ನೂ ಎತ್ತುತ್ತದೆ.

ಸಂಬಳ, ಭದ್ರತೆ: ನೆಪ ಮಾಡಿಕೊಳ್ಳಬೇಡಿ

ಮೇಲಿನದನ್ನು ಓದಿ, 'ಹಾಗಾದರೆ ಸಂಬಳ ಏರಿಸುವುದು ಬೇಡ' ಎಂದು ಯಾರೂ ತಿಳಿಯಬಾರದು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು ಇಷ್ಟು: ಸಂಬಳ, ಕೆಲಸದ ಜಾಗ, ಮೇಲಿನವರ ನಡವಳಿಕೆ ಕೆಟ್ಟದ್ದಿದ್ದರೆ ಅಸಮಾಧಾನ ಹುಟ್ಟುತ್ತದೆ. ಅವನ್ನು ಸರಿಮಾಡಿದರೆ ಅಸಮಾಧಾನ ಹೋಗುತ್ತದೆ, ಹುರುಪು ಮಾತ್ರ ಸಾಧನೆ, ಗುರುತಿಸುವಿಕೆ, ಜವಾಬ್ದಾರಿಯಿಂದ ಬರುತ್ತದೆ. ಇವರ ಮಾತಿಗೆ ಆಕ್ಷೇಪಗಳೂ ಬಂದಿವೆ. ಆದರೂ ಮೊದಲು ಅಸಮಾಧಾನ ತೆಗೆಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸಂಬಳದ ಸಾಲೇ ಪಟ್ಟಿಯ ತಲೆಯಲ್ಲಿ ಬಂದರೆ ಸಂಬಳವನ್ನೇ ಸರಿಮಾಡಿ.

ಭದ್ರತೆಯ ಸಾಲನ್ನೂ ನಮ್ಮೂರಿನ ಕಣ್ಣಿನಿಂದ ಓದಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನೋಡಿದ ಮನೆಗಳು ಇನ್ನೂ ಇವೆ. ಗಿರಣಿ ಮುಚ್ಚಿದಾಗ ಅಪ್ಪ ಪಟ್ಟ ಪಾಡು ನೋಡಿ ಬೆಳೆದವರು ಇವತ್ತು ನಿಮ್ಮಲ್ಲಿ ಸೂಪರ್‌ವೈಸರ್ ಆಗಿರಬಹುದು. ಅವರಿಗೆ 'ನಾಳೆಯೂ ಕೆಲಸ ಇರುತ್ತದೆ' ಎಂಬ ಸಾಲು ಬೇರೆಯವರಿಗಿಂತ ಭಾರ. ಆರ್ಡರ್ ಕಡಿಮೆ ಇದ್ದರೆ ಮುಚ್ಚಿಡದೆ ಹೇಳಿ.

ಇನ್ನೊಂದು, ಬಹಳ ಜನ ಗಮನಿಸದ ವಿಷಯ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯಕ್ಕೆ ತಿಂಗಳ ಸಂಬಳದ ಮಿತಿ 2017ರ ಜನವರಿಯಿಂದ 21,000 ರೂಪಾಯಿ. 20,500 ಇರುವ ಸೂಪರ್‌ವೈಸರ್‌ಗೆ ಪ್ರೀತಿಯಿಂದ ಸಾವಿರ ಏರಿಸಿದರೆ ಅವನು ಆ ಮಿತಿ ದಾಟುತ್ತಾನೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿವೆ. ದಾಟಿದ ಅವಧಿ ಮುಗಿಯುವವರೆಗೆ ವಂತಿಗೆ ಕಟ್ಟುತ್ತಾರೆ, ಆಮೇಲೆ ಹೊರಬೀಳುತ್ತಾನೆ. ಹೆಂಡತಿಯ ಹೆರಿಗೆಗೋ ತಾಯಿಯ ಆಪರೇಷನ್‌ಗೋ ಇಎಸ್‌ಐ ಆಸ್ಪತ್ರೆಯನ್ನು ನಂಬಿಕೊಂಡವನಿಗೆ ಏರಿದ ಸಾವಿರ ಏನೂ ಅಲ್ಲ. ಮೊದಲು ಅವನನ್ನೇ ಕೂರಿಸಿಕೊಂಡು ಕೇಳಿ. ಏರಿಸುವುದೇ ಆದರೆ ಜೊತೆಗೆ ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸಿ. ತೀರ್ಮಾನದ ಹೊತ್ತಿಗೆ ಮಿತಿ ಎಷ್ಟಿದೆ ಎಂದು ನಿಮ್ಮ ಪಿಎಫ್-ಇಎಸ್‌ಐ ನೋಡಿಕೊಳ್ಳುವವರನ್ನು ವಿಚಾರಿಸಿಕೊಳ್ಳಿ.

ಮಧ್ಯ ಹಂತ: ಟಾರ್ಗೆಟ್ ಯಾರದು?

ಪ್ರೊಡಕ್ಷನ್ ಮ್ಯಾನೇಜರ್‌ಗಳ ಹಾಳೆಯಲ್ಲಿ 'ಟಾರ್ಗೆಟ್ ಇಡುವಾಗ ನನ್ನ ಮಾತು' ಎಂಬ ಸಾಲನ್ನು ಮೊದಲು ನೋಡಿ. ಮೇಲಿನಿಂದ ಬಂದ ಅಂಕಿಯನ್ನು ಕೆಳಗೆ ದಾಟಿಸುವುದಷ್ಟೇ ಇವರ ಕೆಲಸ ಆಗಿದ್ದರೆ ಹುರುಪು ಎಲ್ಲಿಂದ ಬರಬೇಕು? ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿ, ಉದ್ಯಮಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿ ಕೊಡಿಸಿದ. ತೀರಾ ಸುಲಭದ್ದೂ ಅಲ್ಲದ, ಕೈಗೆಟುಕದ್ದೂ ಅಲ್ಲದ ಗುರಿಯನ್ನು ತಾನೇ ಇಟ್ಟುಕೊಳ್ಳುವುದು ಅದರ ಒಂದು ಮುಖ್ಯ ಪಾಠ. ಅದನ್ನೇ ಇಲ್ಲಿ ಮಾಡಿ. ತಿಂಗಳ ಆರ್ಡರ್ ಮುಂದಿಟ್ಟು, "ಯಾವ ಲೈನಿಗೆ ಎಷ್ಟು ಹಾಕೋಣ, ನೀವೇ ಹೇಳ್ರಿ" ಎಂದು ಕೇಳಿ. ಅವರು ಹೇಳಿದ ಅಂಕಿ ನಿಮ್ಮದಕ್ಕಿಂತ ಕಡಿಮೆ ಬಂದರೆ ಕಾರಣ ಕೇಳಿ, ಬಹುತೇಕ ಸಲ ಅದರಲ್ಲೊಂದು ನಿಜ ಇರುತ್ತದೆ: ಮೆಷಿನ್ ಹಳೆಯದು, ಬಟ್ಟೆ ತಡವಾಗಿ ಬರುತ್ತದೆ, ಚೆಕಿಂಗ್‌ಗೆ ಜನ ಇಲ್ಲ.

ಒಂದು ತೊಡಕು ಇದೆ. ಸೂಪರ್‌ವೈಸರ್‌ಗೆ ಅಧಿಕಾರ ಕೊಟ್ಟರೆ ಅದು ಮಧ್ಯದವರ ಕೈಯಿಂದಲೇ ಹೋಗುತ್ತದೆ. ಅವರ ಕೈ ಖಾಲಿ ಮಾಡಬೇಡಿ. ರಜೆ ಚೀಟಿಗೆ ಸಹಿ ಮಾಡುವ ಕೆಲಸ ತೆಗೆದಾಗ, ಹೊಸ ಇನ್‌ಚಾರ್ಜ್ ಆಯ್ಕೆಯ ಮಾತನ್ನೋ ಹೊಸ ಮೆಷಿನ್ ಖರೀದಿಯ ಮಾತನ್ನೋ ಅವರಿಗೆ ಕೊಡಿ.

ಮೇಲ್ಹಂತದವರ ಜೊತೆ ಕೂತು ಮಾತಾಡಿ

ಮೇಲಿನ ಹಂತದವರಿಗೆ ಸ್ವಾತಂತ್ರ್ಯ ಮತ್ತು ಬೆಳವಣಿಗೆ ಉಳಿದವರಿಗಿಂತ ಹೆಚ್ಚು ಮುಖ್ಯ ಎಂಬುದೂ ಪೋರ್ಟರ್ ಅಧ್ಯಯನದಲ್ಲೇ ಕಂಡಿತ್ತು. ಹಾಗಾಗಿ ಅವರಿಗೆ ಇರುವುದು ಜಾಸ್ತಿಯಾದರೂ, ಬೇಕಾದದ್ದೂ ಜಾಸ್ತಿಯೇ. ನಮ್ಮ ಕಡೆ ಇದರ ಗಂಟು ಮನೆತನದ ಉದ್ಯಮದಲ್ಲಿದೆ. ಹದಿನೈದು ವರ್ಷ ದುಡಿದ ಜಿಎಂ ಇರುವಾಗ ಓದು ಮುಗಿಸಿ ಬಂದ ಮಗ ಒಂದು ದಿನ ಅವರ ಮೇಲಿನ ಕುರ್ಚಿಯಲ್ಲಿ ಕೂರುತ್ತಾನೆ. ಕೂರುವುದು ಸಹಜ. ಆದರೆ ಯಾವ ತೀರ್ಮಾನ ಇನ್ನು ಮುಂದೆ ಯಾರದು ಎಂಬುದನ್ನು ಮೂವರೂ ಕೂತು ಬರೆದುಕೊಂಡಿದ್ದರೆ ಅರ್ಧ ಕಹಿ ತಪ್ಪುತ್ತದೆ. ಎಷ್ಟು ರೂಪಾಯಿವರೆಗೆ ಜಿಎಂ ಸಹಿ ಸಾಕು, ಯಾರನ್ನು ಅವರೇ ಸೇರಿಸಿಕೊಳ್ಳಬಹುದು, ಯಾವುದಕ್ಕೆ ಮಗನನ್ನು ಕೇಳಬೇಕು. ಮಗನಿಗೂ ಹೇಳಿಕೊಡಿ: ಜಿಎಂ ತೀರ್ಮಾನವನ್ನು ಅಪ್ಪನ ಹತ್ತಿರ ಹೋಗಿ ತಿರುಗಿಸುವಂತಿಲ್ಲ.

ಉತ್ತರ ತಿರುಗಿ ಹೇಳಿ

ಹಾಳೆ ತುಂಬಿಸಿಕೊಂಡು ಸುಮ್ಮನಾದರೆ ಮೊದಲಿಗಿಂತ ಕೆಡುತ್ತದೆ. ಹದಿನೈದು ದಿನದೊಳಗೆ ಪ್ರತಿ ಹಂತದವರನ್ನೂ ಬೇರೆ ಬೇರೆ ಕರೆದು, ಮೊದಲ ಮೂರು ಕೊರತೆ ಯಾವುವು ಎಂದು ಓದಿ ಹೇಳಿ. ಅದರಲ್ಲಿ ಒಂದನ್ನು ಈ ತಿಂಗಳೇ ಮಾಡುತ್ತೇವೆ, ಒಂದಕ್ಕೆ ಇಷ್ಟು ಸಮಯ ಬೇಕು, ಒಂದು ಸದ್ಯಕ್ಕೆ ಆಗುವುದಿಲ್ಲ, ಕಾರಣ ಇದು ಎಂದು ಬಿಡಿಸಿ ಹೇಳಿ. ಆಗುವುದಿಲ್ಲ ಎಂಬುದನ್ನೂ ಜನ ಒಪ್ಪುತ್ತಾರೆ, ಕಾರಣ ನಿಜ ಇದ್ದರೆ.

ಆರು ತಿಂಗಳು ಬಿಟ್ಟು ಅದೇ ಹಾಳೆ ಮತ್ತೆ ಕೊಡಿ, ವಾಕ್ಯ ಬದಲಿಸಬೇಡಿ. ಬದಲಿಸಿದರೆ ಹಿಂದಿನದಕ್ಕೆ ಹೋಲಿಸಲು ಬರುವುದಿಲ್ಲ. ದೀಪಾವಳಿ ಬೋನಸ್‌ನ ಹಿಂದೆ ಮುಂದೆ ಒಂದು ತಿಂಗಳು, ಸಂಬಳ ಏರಿಸುವ ತಿಂಗಳು, ಜಾತ್ರೆಯ ವಾರ ಇವನ್ನು ಬಿಡಿ. ಆ ಹೊತ್ತಿನ ಖುಷಿಯೋ ಸಿಟ್ಟೋ ಎಲ್ಲ ಸಾಲಿಗೂ ಹರಡಿಬಿಡುತ್ತದೆ. ನಮ್ಮ ಕಡೆ ಜುಲೈ ಮತ್ತು ಜನವರಿ ಸಾಮಾನ್ಯವಾಗಿ ಸರಿಹೋಗುತ್ತವೆ. ರೈಸ್ ಮಿಲ್ಲಿನವರು ಮಾತ್ರ ಭತ್ತದ ಸುಗ್ಗಿ ಮುಗಿದು ಲೋಡಿನ ಒತ್ತಡ ಇಳಿದ ಮೇಲೆ ಇಟ್ಟುಕೊಳ್ಳಲಿ.